ಒರಿಯೆ ಟೀಚರ್ ಕೊಟ್ಟ ಅರ್ಧ ಸ್ವರ

ನಮ್ಮ ತ್ಸುರುಗಾ ಊರಿನ ಬಂದರು ಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟುಕೊಂಡಿರುವ ನಗಾಮಿನೆ ಒರಿಯೆ ಅವರನ್ನು ಊರೆಲ್ಲ ಟೀಚರ್ ಎನ್ನುತ್ತದೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಊರಿನ ಹವ್ಯಾಸಿ ಗಾಯನ ವೃಂದದ ಮುಂದೆ ನಿಂತು ಹಾಡು ನಡೆಸಲು ಕೈಯಾಡಿಸುತ್ತಾರೆ, ಅಷ್ಟೆ. ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಅಂಗಿಯ ಬೆನ್ನ ಮೇಲೆ ಓಡಾಡುವ ರೀತಿ ನೋಡಿದರೆ ಸಾಕು, ಬರುವ ಮಂಗಳವಾರದ ಅಭ್ಯಾಸಕ್ಕೆ ಎಂಥ ಹಾಡು ಕಾದಿದೆ ಎಂದು ಗೊತ್ತಾಗುತ್ತದೆ. ನಿಧಾನದ ಹಾಡಿನ ವಾರಗಳಲ್ಲಿ ಗಿರಾಕಿಗಳ ಕಾಲರು ಕೊಂಚ ಕಂದುವುದೂ ಉಂಟು.

ನಾನು ತೊಕುಯಿ, ಒಣಗಿದ ಕಡಲಪಾಚಿಯ ವ್ಯಾಪಾರಿ. ಸಂಗೀತದ ಮೋಹದಿಂದ ವೃಂದ ಸೇರಿದೆ ಎಂದರೆ ನನ್ನ ಹೆಂಡತಿಯೇ ನಗುತ್ತಾಳೆ. ಮುಂದಿನ ಸಾಲುಗಳ ತುಂಬ ಹೆಂಗಸರು; ಒಬ್ಬೊಬ್ಬರ ಮನೆಯಲ್ಲೂ ಸಾರಿನ ಪಾತ್ರೆಗೆ ನಿತ್ಯ ಕಡಲಪಾಚಿ ಬೇಕು. ಅಂಥ ಗಿರಾಕಿಗಳು ವಾರಕ್ಕೊಮ್ಮೆ ಒಂದೇ ಕೋಣೆಯಲ್ಲಿ ಸಿಗುವುದಾದರೆ ಹಾಡುವುದಕ್ಕೇನು ಕಷ್ಟ? ಗಂಡಸರ ಗಂಟಲಿಗೆ ಎಲ್ಲ ವೃಂದಗಳಲ್ಲೂ ಬರ. ಹಾಗಾಗಿ ನನ್ನನ್ನು ಯಾರೂ ಪರೀಕ್ಷಿಸದೆ ಮಂದ್ರದ ಸಾಲಿನಲ್ಲಿ ಹಾಚಿಯನ ಪಕ್ಕ ನಿಲ್ಲಿಸಿದರು.

ಹಾಚಿಯ ಬಂಗುಡೆ ಮೀನನ್ನು ಅಕ್ಕಿ ತೌಡಿನಲ್ಲಿ ಹುದುಗಿಸಿ ಮಾರುವವನು. ಭಾರಿ ಆಳು, ಭಾರಿ ದನಿ, ಅದಕ್ಕಿಂತ ಭಾರಿ ಉತ್ಸಾಹ. ತೊಂದರೆ ಒಂದೇ. ಅವನ ಸ್ವರ ಸಾಲುಸಾಲಿಗೂ ಕೂದಲೆಳೆಯಷ್ಟು ಕೆಳಗೆ ಜಾರುತ್ತದೆ. ಅಷ್ಟು ದಪ್ಪದ ದನಿ ಜಾರಿದರೆ ಅಕ್ಕಪಕ್ಕದವರೂ ಜಾರಲೇಬೇಕು. ಪಿಯಾನೊ ಜೊತೆಗಿದ್ದರೆ ರಟ್ಟೆ ಹಿಡಿದು ನಿಲ್ಲಿಸುತ್ತದೆ. ಆದರೆ ಆ ವರ್ಷ ಪ್ರಾಂತ್ಯದ ಸ್ಪರ್ಧೆಗೆಂದು ಟೀಚರ್ ಆರಿಸಿದ ಹಾಡು ಶುರುವಿನಿಂದಲೂ ಬರಿಗಂಟಲಿನದು; ಪಿಯಾನೊ ಬಂದು ಸೇರುವುದು ಕೊನೆಯ ಪುಟದಲ್ಲಿ. ಅಷ್ಟು ಹೊತ್ತಿಗೆ ನಾವು ಅರ್ಧ ಸ್ವರ ಕೆಳಗಿರುತ್ತಿದ್ದೆವು. ಪಿಯಾನೊ ನುಡಿಸುವ ಹುಡುಗಿ ಚಿಸಾಟೊ ಮೊದಲ ಮನೆ ಒತ್ತಿದೊಡನೆ ಇಡೀ ಕೋಣೆಗೆ ಹಲ್ಲುನೋವು ಬಂದಂತಾಗುತ್ತಿತ್ತು. ಯಾರಿಂದ ಎಂದು ಎಲ್ಲರಿಗೂ ಗೊತ್ತು, ಹಾಚಿಯನೊಬ್ಬನನ್ನು ಬಿಟ್ಟು. ಎಲ್ಲರೂ ಕೈಯಲ್ಲಿದ್ದ ಹಾಳೆಯನ್ನೇ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಒಂದು ಮಂಗಳವಾರ ಅಭ್ಯಾಸ ಮುಗಿದ ಮೇಲೆ ಟೀಚರೂ ನಾನೂ ಕುರ್ಚಿ ಮಡಿಸುತ್ತಿದ್ದೆವು. ಹೆಂಗಸರ ಸಾಲಿನ ಮುಂದಾಳು, ದಂತವೈದ್ಯರ ಹೆಂಡತಿ ಕುವಾಬಾರ, ಹತ್ತಿರ ಬಂದರು.

“ಟೀಚರ್, ಹಾಚಿಯ ಅವರ ದನಿ ಎಷ್ಟು ಗಂಭೀರ ಅಲ್ವಾ?”

“ಹೌದು.”

“ಅಂಥ ದನೀನ ಸ್ಪರ್ಧೆ ದಿನ ಒಂಚೂರು ವಿಶ್ರಾಂತೀಲಿ ಇಟ್ರೆ ಹೇಗೆ? ಬಾಯಿ ಮಾತ್ರ ಆಡಿಸ್ಲಿ. ಕೂತು ಕೇಳೋರಿಗೇನು ಗೊತ್ತಾಗುತ್ತೆ? ಈ ಸಲನಾದ್ರೂ ನಮಗೆ ಚಿನ್ನ ಬೇಕು ಟೀಚರ್.”

ಟೀಚರ್ ಕೈಲಿದ್ದ ಕುರ್ಚಿಯನ್ನು ಮತ್ತೆ ಬಿಡಿಸಿ ಕೂತರು.

“ನಂಗೂ ಹೀಗೇ ಹೇಳಿದ್ರು. ಮೂರನೇ ಕ್ಲಾಸಲ್ಲಿ. ‘ನಗಾಮಿನೆ, ನೀನು ಬರೀ ಬಾಯಿ ಆಡ್ಸು’ ಅಂತ. ಆರನೇ ಕ್ಲಾಸ್ ಮುಗಿಯೋವರ್ಗೂ ಆಡಿಸ್ದೆ. ನಮ್ಮಮ್ಮ ಸಭೇಲಿ ಕೂತು ಕೇಳಿ, ‘ನಿನ್ನ ದನಿ ಬೇರೆಯಾಗೇ ಕೇಳಿಸ್ತು ಕಣೇ’ ಅಂತಿದ್ಲು.”

ಕುವಾಬಾರ ತಲೆ ತಗ್ಗಿಸಿದರು.

“ನನ್ನ ವೃಂದದಲ್ಲಿ ಯಾರ ಬಾಯೂ ಖಾಲಿ ಆಡಲ್ಲ. ಹಾಗೆ ಆಡಿದ ದಿನ ನಾನು ಕೈ ಇಳಿಸಿ ಮನೇಲಿ ಕೂತ್ಕೋತೀನಿ.”

“ಅಯ್ಯೋ, ನಾನು ಹೇಳಿದ್ದನ್ನ ಮರ್ತುಬಿಡಿ ಟೀಚರ್.”

ಟೀಚರ್ ಕೈಯಾಡಿಸಲು ಕಲಿತದ್ದೂ ಅದೇ ಕಾರಣಕ್ಕೆ. ಮಿಡ್ಲ್ ಸ್ಕೂಲಿನಲ್ಲಿ ತರಗತಿ ತರಗತಿಗೂ ಹಾಡಿನ ಸ್ಪರ್ಧೆ, ಕೈಯಾಡಿಸುವವರನ್ನು ಮಕ್ಕಳೇ ಆರಿಸಬೇಕು. ಯಾರೂ ಕೈ ಎತ್ತದಿದ್ದಾಗ ಒರಿಯೆ ಎತ್ತಿದರಂತೆ. ಇಡೀ ವೇದಿಕೆಯ ಮೇಲೆ ಹಾಡದೆ ನಿಲ್ಲಬಹುದಾದ ಜಾಗ ಅದೊಂದೇ.

ಮುಂದಿನ ವಾರ ಒಂದು ಪವಾಡ ನಡೆಯಿತು. ಕೊನೆಯ ಪುಟದಲ್ಲಿ ಪಿಯಾನೊ ಬಂದಾಗ ಯಾರ ಹಲ್ಲೂ ನೋಯಲಿಲ್ಲ. ಮರುದಿನ ಚಿಸಾಟೊ ನನ್ನ ಅಂಗಡಿಗೆ ಬಂದವಳು ಗುಟ್ಟು ಬಿಚ್ಚಿದಳು.

“ತೊಕುಯಿ ಮಾವ, ಟೀಚರ್ ಆ ಉಕ್ಕಿನ ಶ್ರುತಿಕವೆ ಬಡಿದು ಕಿವಿಗೆ ಇಟ್ಕೋತಾರಲ್ಲ, ಆಮೇಲೆ ಶ್ರುತಿ ಕೊಡುವಾಗ ಅರ್ಧ ಸ್ವರ ಮೇಲೆ ಕೊಡ್ತಾರೆ. ನೀವು ಜಾರ್ತಾ ಜಾರ್ತಾ ನನ್ನ ಹತ್ರ ಬರೋ ಹೊತ್ತಿಗೆ ಸರಿಯಾಗಿ ಮನೆ ಸೇರ್ತೀರಿ.”

“ಹಾಚಿಯನಿಗೆ ಗೊತ್ತಾ?”

“ಯಾರಿಗೂ ಗೊತ್ತಿಲ್ಲ. ನೀವೂ ಬಾಯಿ ಬಿಡ್ಬೇಡಿ.”

ನನಗೆ ಟೀಚರ್ ಮೇಲೆ ಹೊಸ ಗೌರವ ಹುಟ್ಟಿತು. ಒಣಗುವಾಗ ಎಷ್ಟು ತೂಕ ಹೋಗುತ್ತದೆ ಎಂದು ಮೊದಲೇ ಅಂದಾಜು ಹಿಡಿದು ಹಸಿ ಪಾಚಿ ಕೊಳ್ಳುವುದು ನಮ್ಮ ಕಸುಬು. ಈಯಮ್ಮ ಅದನ್ನು ಗಂಟಲಿಗೆ ಅನ್ವಯಿಸಿದ್ದರು.

ಆದರೆ ನಮ್ಮ ಊರಿನಲ್ಲಿ ‘ಮರೆತುಬಿಡಿ’ ಎಂದವರು ತಾವು ಮರೆಯುವುದಿಲ್ಲ. ಸ್ಪರ್ಧೆಯ ಬೆಳಿಗ್ಗೆ ಕುವಾಬಾರ ಹಾಚಿಯನ ಅಂಗಡಿಗೆ ಹೋಗಿ ಬಂಗುಡೆ ಕೊಂಡು, “ಇವತ್ತು ಗಂಟಲಿಗೆ ಜಾಸ್ತಿ ಶ್ರಮ ಕೊಡ್ಬೇಡಿ. ನೀವು ನಮ್ಮ ಜೊತೆ ನಿಂತಿದ್ರೇನೇ ನಮಗೆ ಧೈರ್ಯ,” ಎಂದರಂತೆ. ನಮ್ಮಲ್ಲಿ ಇಷ್ಟು ಹೇಳಿದರೆ ಒಂದು ಭಾಷಣ ಬಿಗಿದಂತೆ. ಹಾಚಿಯ ಇನ್ನೊಂದು ಬಂಗುಡೆಯನ್ನು ಉಡುಗೊರೆಯಾಗಿ ಸುತ್ತಿಕೊಟ್ಟು ನಮಸ್ಕರಿಸಿದ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ವೇದಿಕೆಯ ಮೇಲೆ ಟೀಚರ್ ಕವೆ ಬಡಿದು, ಎಂದಿನಂತೆ ಅರ್ಧ ಸ್ವರ ಮೇಲೆ ಶ್ರುತಿ ಕೊಟ್ಟರು. ಶುರು ಮಾಡಿದೆವು. ನಾಲ್ಕು ಸಾಲು ಹಾಡುವಷ್ಟರಲ್ಲಿ ನನಗೆ ಒರಗಿದ್ದ ಗೋಡೆಯನ್ನು ಯಾರೋ ಕಿತ್ತುಕೊಂಡಂತಾಯಿತು. ಬಲಗಡೆ ದನಿಯೇ ಇಲ್ಲ. ಓರೆಗಣ್ಣಲ್ಲಿ ನೋಡಿದೆ. ಹಾಚಿಯ ಗಾಜಿನ ತೊಟ್ಟಿಯ ಮೀನಿನ ಹಾಗೆ ಧಾರಾಳವಾಗಿ ಬಾಯಿ ತೆರೆದು ಮುಚ್ಚುತ್ತಿದ್ದ.

ಅವನು ಜಾರದ ಮೇಲೆ ನಾವ್ಯಾರೂ ಜಾರಲಿಲ್ಲ. ಟೀಚರ್ ಇಟ್ಟ ಜಾಗದಲ್ಲೇ, ಅರ್ಧ ಸ್ವರ ಮೇಲೆ, ಕಂಬದಂತೆ ನಿಂತೆವು. ಅಷ್ಟು ಶುದ್ಧವಾಗಿ ನಾವು ಹುಟ್ಟಿದ ಮೇಲೆ ಹಾಡಿರಲಿಲ್ಲ. ಕುವಾಬಾರ ಅವರ ಬೆನ್ನೇ ಹಿಗ್ಗಿತ್ತು. ಅತ್ತ ಪಿಯಾನೊ ಮುಂದೆ ಚಿಸಾಟೊ ಸುಣ್ಣದಂತೆ ಬಿಳುಚಿದ್ದಳು. ಕೊನೆಯ ಪುಟವನ್ನು ನಿಂತ ನಿಲುವಿನಲ್ಲಿ ಅರ್ಧ ಸ್ವರ ಮೇಲೇರಿಸಿ ಬಾರಿಸುವುದು ಅವಳಿಂದಾಗದ ಕೆಲಸ. ಆ ಪುಟವೋ, ಒಂದೊಂದೇ ಸಾಲು ಹತ್ತಿರ ಬರುತ್ತಿತ್ತು.

ಟೀಚರ್ ಕಣ್ಣು ನಮ್ಮ ಸಾಲಿಗೆ ಬಂತು. ಖಾಲಿ ಬಾಯನ್ನು ಗುರುತು ಹಿಡಿಯುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕೈ ಇಳಿಸಿಯೇಬಿಡುತ್ತಾರೆ ಎಂದುಕೊಂಡೆ. ಬಲಗೈ ತಾಳ ಹಾಕುತ್ತಲೇ ಇತ್ತು. ಎಡಗೈ ಮಾತ್ರ ಮುಂದಕ್ಕೆ ಚಾಚಿತು, ಅಂಗೈ ಮೇಲೆ ಮಾಡಿ, ಅಂಗಡಿಯ ಕಟ್ಟೆಯ ಮೇಲಿಂದ ಕೊಳೆ ಅಂಗಿ ಕೇಳುವ ಹಾಗೆ. ಹಾಚಿಯ ಬೇಡವೆಂದು ಸಣ್ಣಗೆ ತಲೆಯಾಡಿಸಿದ. ಕೈ ಕದಲಲಿಲ್ಲ. ಮತ್ತೆ ತಲೆಯಾಡಿಸಿದ. ಕೈ ಅಲ್ಲೇ ಇತ್ತು. ಕೊನೆಗೆ ಅವನ ಎದೆಯುಬ್ಬಿತು, ಹಿಡಿದಿಟ್ಟಿದ್ದ ದನಿಯೆಲ್ಲ ಒಟ್ಟಿಗೆ ಬಂತು. ಮುಂದಿನ ಸಾಲಿನ ಹೆಂಗಸರ ಭುಜ ಬೆಚ್ಚಿದವು.

ನಾವು ಜಾರಿದೆವು. ಇಡೀ ಹಾಡಿಗೆ ಹಂಚಿ ಜಾರಬೇಕಾದದ್ದನ್ನು ಒಂದೇ ಪುಟದಲ್ಲಿ ಜಾರಿ ಮುಗಿಸಿದೆವು. ಚಿಸಾಟೊ ಕಣ್ಣು ಮುಚ್ಚಿ ಪಿಯಾನೊ ಒತ್ತಿದಳು. ಮನೆ ಸೇರಿದ್ದೆವು.

ಸಿಕ್ಕಿದ್ದು ಬೆಳ್ಳಿ. ತೀರ್ಪುಗಾರರೊಬ್ಬರು ವೇದಿಕೆಯಿಂದ, “ನಡುವೆ ಮಂದ್ರ ದನಿಗಳ ಅನಿರೀಕ್ಷಿತ ಆಗಮನ ದಿಟ್ಟವಾಗಿತ್ತು,” ಎಂದರು. ಹಾಚಿಯ ಎದ್ದುನಿಂತು ಕೈಮುಗಿದ.

ವಾಪಸು ಬರುವ ಬಸ್ಸಿನಲ್ಲಿ ಟೀಚರ್ ಅವನ ಸೀಟಿನ ಹತ್ತಿರ ಬಂದು ನಿಂತರು.

“ಏನ್ರೀ ಹಾಚಿಯ, ಬಾಯಿ ಖಾಲಿ ಆಡ್ಸಿ ಅಂತ ನಿಮಗೆ ಹೇಳಿದ್ಯಾರು?”

“ಯಾರೂ ಹೇಳ್ಲಿಲ್ಲ ಟೀಚರ್. ಬಹಳ ಚೆನ್ನಾಗಿ ಮಾತಾಡ್ಸಿದ್ರು. ಅದಕ್ಕೇ ಅರ್ಥ ಆಯ್ತು.”

ಕಿಟಕಿಯ ಪಕ್ಕ ಕೂತಿದ್ದ ಕುವಾಬಾರ ಎದ್ದರು. “ಟೀಚರ್, ಅದು ನಾನೇ...”

“ಈಗ ಗೊತ್ತಾಯ್ತು ಬಿಡಿ. ಹೊರಡೋ ಮುಂಚೆ ನಿಮ್ಮ ಲಂಗಕ್ಕೆ ಇಸ್ತ್ರಿ ಹಾಕುವಾಗ ಬಂಗುಡೆ ವಾಸನೆ ಹೊಡೀತು. ಮನೇಲಿ ಅಡುಗೆ ಜೋರಿರ್ಬೇಕು ಅಂದ್ಕೊಂಡೆ.”

ಮೊದಲು ನಕ್ಕದ್ದು ಹಾಚಿಯ. ಅದೂ ಮಂದ್ರದಲ್ಲೇ. ಕುವಾಬಾರ ಅವನಿಗೆ ತಲೆಬಾಗಿದರು, ಅವನು ಅವರಿಗೆ ಇನ್ನೂ ಕೆಳಗೆ ಬಾಗಿದ, ಬಸ್ಸು ತಿರುವಿನಲ್ಲಿ ಹೊರಳಿದ್ದರಿಂದ ಇಬ್ಬರ ಹಣೆಯೂ ಡಿಕ್ಕಿ ಹೊಡೆದು ಲೆಕ್ಕ ಚುಕ್ತಾ ಆಯಿತು.

“ಟೀಚರ್, ಮಂಗಳವಾರ ನಾನು ಬರ್ಬಹುದಾ?” ಹಣೆ ಉಜ್ಜಿಕೊಳ್ಳುತ್ತ ಹಾಚಿಯ ಕೇಳಿದ.

“ಬರ್ಬೇಕು. ಬಂದು ಹಾಡ್ಬೇಕು. ನೀವಿಲ್ದಿದ್ರೆ ಇವರ್ಯಾರಿಗೂ ದಾರಿ ಗೊತ್ತಿಲ್ಲ.”

ಮಂಗಳವಾರ ಟೀಚರ್ ಕವೆ ಬಡಿದು ಕಿವಿಗಿಟ್ಟುಕೊಂಡರು, ಚಿಸಾಟೊಳನ್ನು ಒಮ್ಮೆ ನೋಡಿ ಅರ್ಧ ಸ್ವರ ಮೇಲೆ ಶ್ರುತಿ ಕೊಟ್ಟರು. ಹಾಚಿಯ ಉಸಿರು ತುಂಬಿಕೊಂಡ. ನಾನು ಅವನ ಕಡೆಗೆ ಸ್ವಲ್ಪ ವಾಲಿ ನಿಂತೆ.