ನೀಲಗಂಗಮ್ಮನ ಎರಡು ಮೋಟಾರು

ಕಂಪ್ಲಿಯ ಹಳಬರ ಮುಂದೆ ನೀಲಗಂಗಮ್ಮನ ಹೆಸರು ಎತ್ತಿದರೆ ಅವರು ಮೊದಲು ಅಕ್ಕಿ ಗಿರಣಿಯನ್ನು ನೆನೆಯುತ್ತಾರೆ, ಆಮೇಲೆ ಮೋಟಾರನ್ನು. ಗಿರಣಿ ಆಕೆಯ ಗಂಡ ಹಾಲಸ್ವಾಮಿ ಹಾಕಿದ್ದು. ಆತ ಜ್ವರದಲ್ಲಿ ತೀರಿಕೊಂಡಾಗ ದಾಯಾದಿಗಳೆಲ್ಲ ಬಂದು, ಹೆಣ್ಣುಮಗಳು ಎಂಜಿನ್ನು ಕಟ್ಟಿಕೊಂಡು ಏನು ಮಾಡೀತು, ಮಾರಿಬಿಡು ಎಂದರು. ಆಕೆ ಅವರಿಗೆಲ್ಲ ಊಟಕ್ಕೆ ಬಡಿಸಿ ಕಳಿಸಿದಳು. ಮರುದಿನ ಬೆಳಿಗ್ಗೆ ತಾನೇ ಹೋಗಿ ಗಿರಣಿಯ ಬಾಗಿಲು ತೆಗೆದಳು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಮೋಟಾರಿನ ಯೋಚನೆ ಬಂದದ್ದು ಒಂದು ಸಾವಿನಿಂದ. ಹಿರಿಮಗಳು ಮರುಳಸಿದ್ದಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾಗಿ ಒಂದು ಹಗಲು ಕಳೆದರೂ ಕೂಸು ಬರಲಿಲ್ಲ, ಸೂಲಗಿತ್ತಿ ಕೈಚೆಲ್ಲಿದಳು. ಬಂಡಿಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಕಿ ಹೊಸಪೇಟೆ ದವಾಖಾನೆಗೆ ಹೊರಟರು. ಕಮಲಾಪುರದ ಕೆರೆ ಏರಿಯ ಮೇಲೆ ಬಂಡಿ ಇರುವಾಗಲೇ ತಾಯಿ, ಕೂಸು ಇಬ್ಬರೂ ಹೋದರು. ದವಾಖಾನೆಯ ಹೆಂಚು ಕಾಣಲು ಇನ್ನೆಷ್ಟು ದೂರವಿತ್ತು ಎಂದು ನೀಲಗಂಗಮ್ಮ ಆಮೇಲೆ ಎಷ್ಟೋ ದಿನ ಬಂಡಿ ಹೊಡೆದವನನ್ನು ಕೇಳುತ್ತಿದ್ದಳಂತೆ. ಅವನು ಎದ್ದು ಹೋಗುತ್ತಿದ್ದ.

ವರ್ಷ ಕಳೆದ ಮೇಲೆ ಆಕೆ ಒಂದು ಮೋಟಾರು ತೆಗೆದುಕೊಳ್ಳುವುದೆಂದು ನಿಶ್ಚಯಿಸಿದಳು. ಅದು ಎರಡನೆಯ ದೊಡ್ಡ ಯುದ್ಧಕ್ಕೆ ಮೂರ್ನಾಲ್ಕು ವರ್ಷ ಮೊದಲಿನ ಮಾತು. ಕಂಪ್ಲಿಯಲ್ಲಾಗಲಿ, ಎಮ್ಮಿಗನೂರು, ಬುಕ್ಕಸಾಗರದಲ್ಲಾಗಲಿ, ಯಾವ ಜಾತಿಯ ಮನೆಯಾದರೂ ಸರಿ, ಹೆರಿಗೆ ಕಷ್ಟವಾದರೆ ಮೋಟಾರು ಬಾಗಿಲಿಗೆ ಹೋಗಬೇಕು, ಬಾಡಿಗೆ ಕೇಳಬಾರದು. ಹೊಸದು ಕೊಳ್ಳುವ ತಾಕತ್ತು ಇರಲಿಲ್ಲ. ಹೊಸಪೇಟೆಯಲ್ಲಿ ಹಳೆ ಮೋಟಾರುಗಳ ದಲ್ಲಾಳಿ ವಿರೂಪಾಕ್ಷಪ್ಪ ಒಂದು ಗಾಡಿ ತೋರಿಸಿದ. ಕಡುನೀಲಿ ಬಣ್ಣ, ಹೊಸ ಚರ್ಮದ ಸೀಟು, ಮೇಲೆ ಮಡಚುವ ಹೊಸ ಹುಡ್ಡು. ಆಕೆಯನ್ನು ಕೂರಿಸಿಕೊಂಡು ಪೇಟೆಬೀದಿಯಲ್ಲಿ ಸುತ್ತಿ ಬಂದ. ಜೊತೆಗಿದ್ದ ಪಾಲಯ್ಯ ಸಂಡೂರಿನ ಅದಿರು ಗುತ್ತಿಗೆದಾರರ ಹತ್ತಿರ ಲಾರಿ ಹೊಡೆದು ಬಂದವನು, ಇನ್ನು ಮುಂದೆ ಈಕೆಯ ಡ್ರೈವರ್ ಆಗುವವನು. ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದಲ್ಲ ಎಂದು ಅವನು ಅನುಮಾನ ಎತ್ತಿದ. ರಸ್ತೆಯೇ ಎಡಕ್ಕೆ ವಾಲಿದೆ ಎಂದು ವಿರೂಪಾಕ್ಷಪ್ಪ ನಕ್ಕು, ಜಂಬುನಾಥನ ಗುಡ್ಡದ ಕಡೆ ಕೈಮುಗಿದು, ಈ ಗಾಡಿಗೆ ಒಂದು ಗೀರೂ ಬಿದ್ದಿಲ್ಲ ಎಂದು ಆಣೆ ಮಾಡಿದ. ಅಷ್ಟು ದೊಡ್ಡ ಆಣೆಯ ಮೇಲೆ ಇನ್ನೇನು ಕೇಳುವುದು? ನೀಲಗಂಗಮ್ಮ ಗಾಡಿ ಕೊಂಡಳು.

ಮೊದಲ ಕರೆ ಬಂದದ್ದು ಬುಕ್ಕಸಾಗರದಿಂದ, ಜಂಬವ್ವ ಎಂಬ ಕೂಲಿಯ ಹೆಂಗಸಿಗೆ. ನೀಲಗಂಗಮ್ಮ ಜೊತೆಗೇ ಹೋದಳು. ಜಂಬವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದಳು. ಕಾಲುವೆಯ ಸೇತುವೆಗೆ ಇಳಿಯುವ ಕಡೆ ಎದುರಿಗೆ ಎಮ್ಮೆಗಳು ಬಂದವು. ಪಾಲಯ್ಯ ಬ್ರೇಕು ತುಳಿದ. ಕೆಳಗೆ ಏನೋ ಲಟಕ್ಕೆಂದಿತು, ಕಾಲು ಸೀದಾ ಒಳಕ್ಕೆ ಹೋಯಿತು. ಅವನು ಎಮ್ಮೆಗಳನ್ನು ತಪ್ಪಿಸಿ ಗಾಡಿಯನ್ನು ರಸ್ತೆಯ ಕೆಳಗೆ ಹರಿಸಿದ. ಪುಣ್ಯಕ್ಕೆ ಅಲ್ಲಿ ನಾಟಿಗೆ ಹದ ಮಾಡಿದ ಗದ್ದೆ ಇತ್ತು. ಗಾಡಿ ಕೆಸರಿನಲ್ಲಿ ಹೂತು ನಿಂತಿತು. ಹಿಂದಿನ ಬಾಗಿಲು ತಾನೇ ಕಳಚಿ ನೀರಿಗೆ ಬಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಗದ್ದೆಯ ಆಳುಗಳು ಜಂಬವ್ವನನ್ನು ಎತ್ತಿಕೊಂಡು ಹೋಗಿ ಬಂಡಿಗೆ ಹಾಕಿದರು. ನೀಲಗಂಗಮ್ಮ ಮತ್ತೆ ಅದೇ ರಸ್ತೆಯಲ್ಲಿ, ಮತ್ತೆ ಬಂಡಿಯಲ್ಲಿ, ಹೆರುವವಳ ಕೈ ಹಿಡಿದು ಕೂತಳು. ಕಮಲಾಪುರದ ಕೆರೆ ಏರಿ ದಾಟುವ ತನಕ ನೀಲಗಂಗಮ್ಮ ಕಣ್ಣು ತೆರೆಯಲಿಲ್ಲವಂತೆ. ಈ ಸಲ ಬಂಡಿ ಮುಟ್ಟಿತು. ಜಂಬವ್ವನಿಗೆ ಗಂಡುಮಗು ಆಯಿತು, ಇಬ್ಬರೂ ಉಳಿದರು.

ತನ್ನಿಂದ ತಪ್ಪಾಯಿತೆಂದು ಪಾಲಯ್ಯ ಅಳುತ್ತ ನಿಂತಿದ್ದ. ಆಕೆ ಅವನನ್ನು ಬೈಯಲಿಲ್ಲ. ಗಾಡಿಯನ್ನು ಗಿರಣಿಯ ಅಂಗಳಕ್ಕೆ ಎಳೆಸಿ, ಕಲ್ಲುಗಳ ಮೇಲೆ ಎತ್ತರಿಸಿ ನಿಲ್ಲಿಸಲು ಹೇಳಿದಳು. ಆಮೇಲೆ ಗೋಣಿಚೀಲ ಹಾಸಿ, ಸೆರಗು ಬಿಗಿದು, ತಾನೇ ಗಾಡಿಯ ಕೆಳಗೆ ಮಲಗಿದಳು. ಅಡಿಯಲ್ಲೆಲ್ಲ ದಪ್ಪಗೆ ಟಾರು ಬಳಿದಿತ್ತು. ಪಾಲಯ್ಯ ಅದನ್ನು ಕೆರೆದ. ಇಡೀ ಗಾಡಿಯ ಭಾರ ಹೊರುವ ಉದ್ದ ಕಬ್ಬಿಣದ ತೊಲೆ ನಡುವೆ ಮುರಿದಿತ್ತು. ಅದಕ್ಕೆ ಬಂಡಿಚಕ್ರದ ಕಬ್ಬಿಣದ ಪಟ್ಟಿ ಸುತ್ತಿ ಮೊಳೆ ಬಡಿದಿದ್ದರು. ಬ್ರೇಕಿನ ಸಲಾಕೆಯೂ ಹಿಂದೊಮ್ಮೆ ಮುರಿದು ಬೆಸೆದದ್ದೇ.

ಪಾಲಯ್ಯ ಸಂಡೂರಿಗೆ ಹೋಗಿ ತನ್ನ ಹಳೆಯ ಗೆಳೆಯರನ್ನು ವಿಚಾರಿಸಿದ. ಗುಡ್ಡಗಳ ನಡುವಿನ ಗಂಡಿ ದಾರಿಯ ಇಳಿಜಾರಿನಲ್ಲಿ ಈ ಗಾಡಿ ಹಳ್ಳಕ್ಕೆ ಉರುಳಿತ್ತೆಂದೂ, ಒಳಗಿದ್ದ ಒಬ್ಬ ಸತ್ತನೆಂದೂ, ವಿರೂಪಾಕ್ಷಪ್ಪನೇ ಬಂದು ಅದನ್ನು ಕಬ್ಬಿಣದ ಬೆಲೆಗೆ ಎತ್ತಿಸಿಕೊಂಡು ಹೋದನೆಂದೂ ಗೊತ್ತಾಯಿತು.

ನೀಲಗಂಗಮ್ಮ ಕೋರ್ಟು ಕಚೇರಿ ಎನ್ನಲಿಲ್ಲ. ಸಲಾಕೆಯನ್ನು ಕಂಬಾರನಿಂದ ಹೊಸದು ಮಾಡಿಸಿ ಹಾಕಿಸಿದಳು. ಗಾಡಿಗೆ ಎರಡು ಜೋಡಿ ಎತ್ತು ಕಟ್ಟಿಸಿ, ತಾನು ಬಂಡಿಯಲ್ಲಿ ಕೂತು ಹೊಸಪೇಟೆಗೆ ಹೊರಟಳು. ಎತ್ತು ಎಳೆಯುವ ಮೋಟಾರನ್ನು ನೋಡಲು ದಾರಿಯುದ್ದಕ್ಕೂ ಊರವರು ಬಂದು ನಿಂತರು. ಏನಾಯಿತೆಂದು ಕೇಳಿದವರಿಗೆಲ್ಲ ಪಾಲಯ್ಯ ಹೇಳುತ್ತ ಬಂದ. ವಿರೂಪಾಕ್ಷಪ್ಪನ ಅಂಗಡಿ ಮುಟ್ಟುವಷ್ಟರಲ್ಲಿ ಹಿಂದೆ ದೊಡ್ಡ ಗುಂಪೇ ಇತ್ತು.

ವಿರೂಪಾಕ್ಷಪ್ಪ ಹೊರಗೆ ಬಂದು ಗುಂಪನ್ನು ನೋಡಿ ದನಿ ಇಳಿಸಿದ. ಹಳೆ ಗಾಡಿ ಅಂದ ಮೇಲೆ ಸಣ್ಣಪುಟ್ಟ ರಿಪೇರಿ ಇದ್ದದ್ದೇ, ಇಷ್ಟಕ್ಕೆ ಊರು ಕೂಡಿಸುವುದೇ ಎಂದ.

“ಹಂಗಾದ್ರ ಒಂದ್ ಕೆಲಸ ಮಾಡ್ರಿ,” ಎಂದಳು ನೀಲಗಂಗಮ್ಮ. “ಸಲಾಕಿ ಹೊಸಾದು ಹಾಕ್ಸೀನಿ. ನಿಮ್ಮ ಮನಿಯವ್ರನ್ನ, ಮಕ್ಕಳನ್ನ ಹಿಂದ ಕುಂದ್ರಿಸ್ರಿ. ನೀವಾ ಹೊಡ್ರಿ. ಸಂಡೂರು ಗಂಡಿ ಹತ್ತಿ ಇಳ್ದು ಬರ್ರಿ. ನೀವು ಬಂದ್ರ ನಾ ಸುಮ್ಮನ ಊರಿಗೆ ಹೋಗ್ತೀನಿ.”

ವಿರೂಪಾಕ್ಷಪ್ಪ ನಗಲು ನೋಡಿದ. ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಅವನ ಹೆಂಡತಿ ವಿರುಪಮ್ಮ, ಕಂಕುಳಲ್ಲಿ ಕೂಸು ಎತ್ತಿಕೊಂಡು, ಗದ್ದಲವೇನೆಂದು ನೋಡಲು ಬಂದಳು. ಗಂಡ ಅಷ್ಟೊಂದು ಮೋಟಾರು ಮಾರಿದ್ದರೂ ಆಕೆ ಒಂದು ದಿನವೂ ಒಂದರಲ್ಲೂ ಕೂತಿರಲಿಲ್ಲ. ಸಂಡೂರು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಮುಖ ಅರಳಿತು. ಸಂಡೂರಿನ ಕುಮಾರಸ್ವಾಮಿಗೆ ಹರಕೆ ಇದೆ, ಕರೆದುಕೊಂಡು ಹೋಗೆಂದು ಎಷ್ಟು ದಿನದಿಂದ ಹೇಳುತ್ತಿದ್ದೇನೆ ಎಂದು, ಸೀರೆ ಸರಿಮಾಡಿಕೊಂಡು, ಕೂಸಿನ ಸಮೇತ ಗಾಡಿ ಹತ್ತಿ ಕೂತೇಬಿಟ್ಟಳು.

“ಇಳಿ,” ಎಂದ ವಿರೂಪಾಕ್ಷಪ್ಪ.

ಆಕೆ ಯಾಕೆಂದು ಕೇಳಿದಳು.

“ಇಳೀ ಅಂದ್ನೆಲ್ಲ. ಅದ್ರಾಗ ಕುಂದ್ರಬ್ಯಾಡ.”

ವಿರುಪಮ್ಮ ಗಂಡನ ಮುಖ ನೋಡಿದಳು, ಕಳಚಿದ್ದ ಬಾಗಿಲನ್ನು ಬಿಗಿದು ಕಟ್ಟಿದ್ದ ಹಗ್ಗ ನೋಡಿದಳು, ನೀಲಗಂಗಮ್ಮನ ಕಡೆ ನೋಡಿದಳು. ಅವಳಿಗೆ ತಿಳಿಯಿತು. ನೀಲಗಂಗಮ್ಮ ಕೂಸನ್ನು ಇಸಿದುಕೊಂಡು ಅವಳನ್ನು ಕೈಹಿಡಿದು ಇಳಿಸಿಕೊಂಡಳು. “ನಿನ್ನ ತಪ್ಪಲ್ಲವ್ವ,” ಎಂದಳು.

ವಿರೂಪಾಕ್ಷಪ್ಪ ಗಾಡಿ ಹಿಂದಕ್ಕೆ ತಗೊಂಡು ಹಣ ಕೊಡುತ್ತೇನೆ ಎಂದ. ನೀಲಗಂಗಮ್ಮ ಒಪ್ಪಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆಕೆ, ಆಮೇಲೆ ಈ ಗಾಡಿಯನ್ನು ಏನು ಮಾಡುತ್ತೀರಿ ಎಂದು ಕೇಳಿದಳು. ಅವನು ಗಾಡಿಯ ಬಣ್ಣದ ಮೇಲೆ ಒಣಗಿದ್ದ ಕೆಸರು ಒರೆಸತೊಡಗಿದ. ಹಾಗಾದರೆ ತಾನು ಗಾಡಿ ಕೊಡುವುದಿಲ್ಲ, ಹಣದಲ್ಲಿ ಎಂಜಿನ್ನಿನ ಬೆಲೆ ಮುರಿದುಕೊಂಡು ಉಳಿದದ್ದು ಕೊಟ್ಟರೆ ಸಾಕು, ಆದರೆ ತೊಲೆ ಮಾತ್ರ ಇಲ್ಲೇ ತುಂಡಾಗಬೇಕು ಎಂದಳು. ಪಕ್ಕದ ಬೀದಿಯಿಂದ ಕಂಬಾರ ಎರ್ರಿಯಪ್ಪನನ್ನು ಕರೆಸಿದರು. ಅವನು ಅಂಗಡಿಯ ಎದುರಿಗೇ ಉಳಿ ಇಟ್ಟು, ಸುತ್ತಿಗೆ ಬೀಸಿ, ತೊಲೆಯನ್ನು ಎರಡು ತುಂಡು ಮಾಡಿದ. ಇನ್ನು ಅದು ಯಾವ ಬಣ್ಣ ಬಳಿದರೂ ರಸ್ತೆಗೆ ಇಳಿಯುವಂತಿರಲಿಲ್ಲ.

ಎಂಜಿನ್ನು ಚೆನ್ನಾಗಿತ್ತು. ಅದು ಎಮ್ಮಿಗನೂರಿನ ಹೊಲವೊಂದರಲ್ಲಿ ಕಬ್ಬಿಗೆ ನೀರೆತ್ತುತ್ತ ಬಹಳ ವರ್ಷ ಬಾಳಿತು. ವಿರೂಪಾಕ್ಷಪ್ಪ ಹಣ ಪೂರ್ತಿ ಕೊಡಲೇ ಇಲ್ಲ. ನೀಲಗಂಗಮ್ಮ ಕೇಳಲೂ ಹೋಗಲಿಲ್ಲ. ಅದರ ಬಗ್ಗೆ ಪಾಲಯ್ಯನಿಗೆ ಕೊನೆತನಕ ಸಿಟ್ಟಿತ್ತು. ಆದರೆ ಅವತ್ತಿನಿಂದ ವಿರುಪಮ್ಮ ಆ ವ್ಯಾಪಾರ ಬಿಡೆಂದು ಗಂಡನ ಬೆನ್ನು ಬಿಡಲಿಲ್ಲವೆಂದೂ, ಆತ ಮೋಟಾರು ಬಿಟ್ಟು ಹತ್ತಿ ದಲ್ಲಾಳಿ ಮಾಡಿದನೆಂದೂ ಹೊಸಪೇಟೆಯವರು ಹೇಳುತ್ತಿದ್ದರು.

ಎರಡನೆಯ ಮೋಟಾರನ್ನು ಆಕೆ ಬಳ್ಳಾರಿಯ ಮುದಿ ವಕೀಲರೊಬ್ಬರಿಂದ ಕೊಂಡಳು. ಕಣ್ಣು ಮಂಜಾದದ್ದರಿಂದ ಅವರು ಅದನ್ನು ಮಾರುತ್ತಿದ್ದರು. ಆ ಮನೆಯ ಹೆಂಗಸರು ಹಾಲು ತಂದು ಕೊಟ್ಟು ಕೂರಿಸಿ ಮಾತಾಡುತ್ತಿರುವಾಗ ಈಕೆ ಎದ್ದು, ತಾನೇ ತಂದಿದ್ದ ಗೋಣಿಚೀಲ ಹಾಸಿ, ಗಾಡಿಯ ಕೆಳಗೆ ಹೋಗಿಬಿಟ್ಟಳಂತೆ. ಬಿಳಿ ಸೀರೆಯ ವಿಧವೆ ಮೋಟಾರಿನಡಿ ಮಲಗಿ ತೊಲೆ ಬಡಿದು ನೋಡುವುದನ್ನು ಕಂಡು ವಕೀಲರ ಹೆಂಡತಿ ದಂಗಾದರು. ನೀಲಗಂಗಮ್ಮ ಎದ್ದು ಧೂಳು ಕೊಡವಿಕೊಂಡು, “ಭಾಳ ಛಲೋ ಇಟ್ಟೀರಿ,” ಎಂದು ಹಾಲು ಕುಡಿದಳು.

ಆ ಗಾಡಿ ಎಷ್ಟು ಬಸುರಿಯರನ್ನು ಹೊತ್ತಿತೆಂದು ಯಾರೂ ಬರೆದಿಟ್ಟಿಲ್ಲ. ಎಲ್ಲರೂ ಉಳಿದರೆಂದಲ್ಲ. ಆದರೆ ದಾರಿಯಲ್ಲಿ ಯಾರೂ ಸಾಯಲಿಲ್ಲ ಎಂದು ಪಾಲಯ್ಯ ಎದೆಯುಬ್ಬಿಸಿ ಹೇಳುತ್ತಿದ್ದ. ಯುದ್ಧ ಬಂದು ಪೆಟ್ರೋಲು ರೇಷನ್ನಿಗೆ ಬಿದ್ದಾಗ ಆಕೆ ಒಂದು ಕಟ್ಟು ಹಾಕಿದಳು: ಸಿಕ್ಕಷ್ಟು ಪೆಟ್ರೋಲು ಬಸುರಿಯರಿಗೆ ಮಾತ್ರ. ಅಕ್ಕಿ ವ್ಯಾಪಾರಕ್ಕೆ ಬಳ್ಳಾರಿಗೆ ಹೋಗಬೇಕಾದರೆ ರೈಲಿನಲ್ಲಿ ಹೋಗುತ್ತಿದ್ದಳು. ಹಂಪಿಗೆ ವಿರೂಪಾಕ್ಷನ ದರ್ಶನಕ್ಕೆ ಎತ್ತಿನ ಬಂಡಿಯಲ್ಲೇ. ಒಂದು ಸಲ ಮಂಟಪದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ ಪರಿಚಯದ ಹೆಂಗಸೊಬ್ಬಳು, ಮನೆಯಲ್ಲಿ ಮೋಟಾರು ಇಟ್ಟುಕೊಂಡು ಈ ಬಿಸಿಲಲ್ಲಿ ಬಂಡಿಯಲ್ಲಿ ಬಂದಿರಲ್ಲ ಎಂದು ಕೇಳಿದಳಂತೆ.

“ಅದಕ್ಕ ಕೆಲಸ ಐತವ್ವ,” ಎಂದು ನೀಲಗಂಗಮ್ಮ ಅವಳ ಕೈಗೂ ಒಂದು ರೊಟ್ಟಿ ಕೊಟ್ಟಳು.