ಹೋಮ್ಲಿ ಅಸಿಸ್ಟೆಂಟ್ ಬೇಕಾಗಿದ್ದಾಳೆ

ಬುಳುಕ್, ಬುಳುಕ್ ಎಂದು, ಬಾವಿಗೆ ಬಿಟ್ಟ ಕೊಡಪಾನ ನೀರು ಕುಡಿಯುವಾಗಿನಂಥ ಒಂದು ಸದ್ದು. ಆಗೆಲ್ಲ ವಿಡಿಯೋ ಕಾಲ್ ಬಂದರೆ ನಮ್ಮ ಕಂಪ್ಯೂಟರು ಹಾಗೆ ಕೂಗುತ್ತಿತ್ತು. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಆ ಸದ್ದು ಕೇಳಿದ್ದೇ ನಾನು ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು ಕೂರುತ್ತಿದ್ದೆ. ಕರೆಯುತ್ತಿದ್ದವಳು ನಾನೇ ಸಂಬಳ ಕೊಡುವ ಅಸಿಸ್ಟೆಂಟ್. ಸಂಭ್ರಮ ಮಾತ್ರ ಬೀಗರು ಬಂದಷ್ಟು.

ನನ್ನಂಥ ಮುದುಕಿಗೆ ಅಸಿಸ್ಟೆಂಟ್ ಯಾಕೆ ಎಂದು ನೀವು ನಗಬಹುದು. ಥಾಣೆಯ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದಕ್ಕೂ ಗ್ಯಾರಂಟಿ ಇಲ್ಲ ಎಂದರು. ಆಗ ನನಗೆ ನೆನಪಾದದ್ದು ದೇವರಲ್ಲ, ಫಿಲೋಮಿನಾ. ಮಂಗಳೂರಿನ ಕಾನ್ವೆಂಟಿನಲ್ಲಿ ನಾವು ಒಂದೇ ಬೆಂಚಿನವರು. ನಾನು ಮದುವೆಯಾಗಿ ಈ ಕಡೆ ಬಂದ ಮೇಲೆ ನಮ್ಮ ನಡುವೆ ಕಾಗದ ನಡೆಯಿತು, ಆಮೇಲೆ ಈಮೇಲ್. ಅವಳಿಗೆ ಕಿವಿ ಹೋಗಿ ಬಹಳ ಕಾಲವಾಗಿತ್ತು, ಫೋನಿನಿಂದ ಪ್ರಯೋಜನವಿರಲಿಲ್ಲ. ಈಗ ನನ್ನ ಕಣ್ಣೂ ಹೋದರೆ ಇಬ್ಬರ ನಡುವೆ ಉಳಿಯುವುದೇನು?

ನಮ್ಮವರು ಓದಿ ಹೇಳಬಹುದಿತ್ತು, ನಾನು ಹೇಳಿದ್ದನ್ನು ಬರೆದುಕೊಡಬಹುದಿತ್ತು. ಆದರೆ ಬೆಳಗಾದರೆ ಅವರು ಕಲ್ಯಾಣದ ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ. ಅಲ್ಲದೆ ಆ ಪತ್ರಗಳಲ್ಲಿ ಅರ್ಧ ಭಾಗ ಅವರ ಮೇಲಿನ ಕಂಪ್ಲೇಂಟೇ.

ಅಣ್ಣನ ಮಗ ರಾಘು ದಾರಿ ತೋರಿಸಿದ. “ಅತ್ತೆ, ವರ್ಚುವಲ್ ಅಸಿಸ್ಟೆಂಟ್ ಅಂತ ಆನ್‌ಲೈನಲ್ಲಿ ಸಿಕ್ತಾರೆ. ಮನೆಗೆ ಬರೋದೇ ಇಲ್ಲ.”

“ಮನೆಗೆ ಬಾರದ ಕೆಲಸದವಳು ನನಗೆ ಹೊಸತಲ್ಲ ಮಾರಾಯ,” ಎಂದೆ. “ನಮ್ಮ ಪಾತ್ರೆ ತೊಳೆಯುವವಳು ವಾರಕ್ಕೆ ಎರಡು ದಿನ ವರ್ಚುವಲ್ಲೇ.”

ಜಾಹೀರಾತು ನಾನೇ ಬರೆಸಿದೆ. ಜೀವಮಾನದಲ್ಲಿ ನಾನು ಬರೆದ ಜಾಹೀರಾತುಗಳೆಂದರೆ ನಾದಿನಿಯರ ಮದುವೆಯವು. ಇದೂ ಅದೇ ಅಚ್ಚಿನಲ್ಲಿ ಬಂತು: ‘ಕಾನ್ವೆಂಟ್ ಎಜುಕೇಟೆಡ್ ಮನೆಗೆ ಕನ್ನಡ ಬಲ್ಲ, ಹೋಮ್ಲಿ, ಮೃದುಭಾಷಿ ಹುಡುಗಿ ಬೇಕು. ಫೋಟೋ ಕಳಿಸಿ.’ ಶಹಾಡಿನಿಂದ ಒಬ್ಬ ತಾಯಿಯ ಫೋನು ಬಂತು.

“ಹುಡುಗ ಏನು ಮಾಡ್ತಾನೆ? ಫ್ಲ್ಯಾಟ್ ಸ್ವಂತದ್ದಾ?”

“ಹುಡುಗ ಇಲ್ಲಮ್ಮ. ನನಗೇ ಬೇಕಾದದ್ದು. ಕಣ್ಣು ಕಾಣಿಸೋದಿಲ್ಲ.”

“ಅಯ್ಯೋ, ಅತ್ತೆಗೆ ಕಣ್ಣಿಲ್ವಾ? ಹಾಗಾದ್ರೆ ಬೇಡ ಬಿಡಿ.”

ಕೊನೆಗೆ ಸಿಕ್ಕಿದವಳು ಸುನೀತಾ. ವಿಜಾಪುರದ ಕಡೆಯವರು, ತಂದೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದರು. ಇಂಟರ್‌ವ್ಯೂ ಮುಗಿದಾಗ ನನಗೆ ಪೇಚಾಯಿತು. ಮೊದಲ ಸಲ ಬಂದ ಹೆಣ್ಣುಮಗಳನ್ನು ಕುಂಕುಮ ಕೊಡದೆ ಕಳಿಸುವುದು ಹೇಗೆ? ಭರಣಿಯನ್ನು ಕ್ಯಾಮೆರಾದ ಮುಂದೆ ಹಿಡಿದೆ. ರಾಘು ಬಿದ್ದು ಬಿದ್ದು ನಕ್ಕ. ಪರದೆಯ ಆಚೆ ಸುನೀತಾ ಬೆರಳು ಚಾಚಿ, ಹಣೆಗೆ ಒತ್ತಿಕೊಂಡು, “ಹಚ್ಚಿಕೊಂಡೆ ನೋಡ್ರಿ ಆಂಟಿ,” ಎಂದಳು. ಕೆಲಸ ಅವಳದ್ದಾಯಿತು.

ನಮ್ಮ ಪತ್ರಗಳಿಗೆ ಮೂರನೆಯವರ ಕಣ್ಣು ಹೊಸತಲ್ಲ. ಬೋರ್ಡಿಂಗಿನಲ್ಲಿ ಮದರ್ ಸುಪೀರಿಯರ್ ಪ್ರತಿ ಕಾಗದವನ್ನೂ ಓದಿಯೇ ಅಂಚೆಗೆ ಹಾಕುತ್ತಿದ್ದರು. ನಮ್ಮ ಹೋಟೆಲಿನ ಮಾಣಿಗಳೂ ಒಂದು ಕಾಲದಲ್ಲಿ ಹೆಂಡತಿಗೆ ಬರೆಯುವ ಪ್ರೀತಿಯ ಮಾತನ್ನು ಪೋಸ್ಟಾಫೀಸಿನೆದುರು ಕೂತ ಅಪರಿಚಿತನಿಗೆ ಗಟ್ಟಿಯಾಗಿ ಹೇಳಿಯೇ ಬರೆಸಿದವರು. ಪ್ರೈವಸಿ ಎಂಬುದು ಕಣ್ಣು ಚೆನ್ನಾಗಿರುವವರ ಲಕ್ಷುರಿ.

ಒಂದೇ ತಮಾಷೆ ಎಂದರೆ, ನನ್ನ ಮಂಗಳೂರಿನ ಫಿಲೋಮಿನಾ ಈಗ ವಿಜಾಪುರದ ಧಾಟಿಯಲ್ಲಿ ಮಾತಾಡತೊಡಗಿದಳು.

“ಆಂಟಿ, ಇಲ್ಲಿ ನಿಮಗ ‘ಮಂಗ’ ಅಂತ ಬರದಾರ್ರಿ. ಓದ್ಲೋ ಬ್ಯಾಡೋ?”

“ಓದು. ಹಾಗೆ ಕರೆಯುವವರು ಈಗ ಬೇರೆ ಯಾರೂ ಉಳಿದಿಲ್ಲ.”

ಒಂದು ಬೆಳಿಗ್ಗೆ, ಮೇಲ್ ಬಂದಿದೆ ಎಂದಳು. ಆಮೇಲೆ, “ಇವತ್ತ ನೆಟ್ ಭಾಳ ಸ್ಲೋ ಐತ್ರಿ ಆಂಟಿ. ಆಮ್ಯಾಲ ಓದ್ತೀನಿ,” ಎಂದು ಕಾಲ್ ಮುಗಿಸಿದಳು. ದನಿ ಒಂದಿಷ್ಟೂ ತುಂಡಾಗದೆ ಸ್ಪಷ್ಟವಾಗಿ ಬಂದಿತ್ತು. ನಾನು ಅದನ್ನು ಗಮನಿಸಿದೆ; ಗಮನಿಸಲಿಲ್ಲ ಎಂದು ನನಗೇ ಹೇಳಿಕೊಂಡು ಅಡುಗೆಮನೆಗೆ ಹೋದೆ.

ಮಧ್ಯಾಹ್ನ ಬಾಗಿಲ ಬೆಲ್ ಆಯಿತು. “ಸುನೀತಾ ಅದೀನ್ರಿ ಆಂಟಿ.” ಬಸ್ಸು ಹಿಡಿದು, ರೈಲು ಹಿಡಿದು, ಜಾಹೀರಾತಿನಲ್ಲಿ ನಾನು ಕೇಳಿರದ ಕೆಲಸವೊಂದಕ್ಕೆ ಬಂದಿದ್ದಳು. ಸೋಫಾದ ಮೇಲೆ ಪಕ್ಕದಲ್ಲಿ ಕೂತು, ನನ್ನ ಕೈ ಹಿಡಿದುಕೊಂಡು, ಫಿಲೋಮಿನಾಳ ಮಗಳು ಬರೆದ ನಾಲ್ಕು ಸಾಲನ್ನು ಓದಿದಳು. ಹಿಂದಿನ ದಿನವೇ ಮಣ್ಣು ಮಾಡಿದ್ದರಂತೆ.

ಅಳು ಬರಲಿಲ್ಲ. ಕಾಫಿ ಮಾಡಿದೆ, ಸಕ್ಕರೆ ಹಾಕಲು ಮರೆತೆ, ಇಬ್ಬರೂ ಹಾಗೆಯೇ ಕುಡಿದೆವು. ಓದಲು ಯಾವ ಪತ್ರವೂ ಬಾರದ ಮನೆಗೆ ಇನ್ನು ಅಸಿಸ್ಟೆಂಟ್ ಬೇಡವೆಂದು ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಹೊರಟಾಗ ಭರಣಿ ತಂದೆ. ನನ್ನ ನೋಟ ಅಷ್ಟು ಹೊತ್ತಿಗೆ ಬೀಗದ ಕಿಂಡಿಯಷ್ಟಾಗಿತ್ತು. ಅದರಲ್ಲಿ ಅವಳ ಹಣೆ, ಒದ್ದೆಯಾದ ಎರಡು ಕಣ್ಣು, ಇಷ್ಟೇ ಹಿಡಿಸಿದವು. ನಾನಿಟ್ಟ ಕುಂಕುಮ ಎಡಹುಬ್ಬಿನ ಮೇಲೆ ಹೋಗಿ ಕೂತಿತ್ತು.

“ಸರಿಯಾಗಿದೆಯಾ?” ಎಂದು ಕೇಳಿದೆ.

“ಬರೋಬರಿ ಐತ್ರಿ ಆಂಟಿ,” ಎಂದಳು. ಒಂದೇ ದಿನದಲ್ಲಿ ಎರಡನೆಯ ಸುಳ್ಳು. ಅದನ್ನು ಒರೆಸಿಕೊಳ್ಳದೆ, ಹಾಗೇ ಹುಬ್ಬಿನ ಮೇಲೆ ಹೊತ್ತುಕೊಂಡು ಮೆಟ್ಟಿಲಿಳಿದಳು. ನನ್ನ ಕಣ್ಣಿಗೆ ಅವಳು ಕಂಡದ್ದು ಅದೇ ಕೊನೆ.