ಎತ್ತಿನ ಸೋಮವಾರ

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತುವ ಹದ ಹಾರಿಹೋದರೂ ಸರಿ, ಎತ್ತು ಮೆಲುಕು ಹಾಕುತ್ತ ಮಲಗಿರಬೇಕು. ಕುಷ್ಟಗಿ ಸೀಮೆಯ ಆ ಊರಿಗೆ ನಾನು ಸೊಸೆಯಾಗಿ ಹೋದಾಗ ನಮ್ಮ ಅತ್ತಿ ಹೇಳಿಕೊಟ್ಟ ಮೊದಲ ಮಾತೇ ಇದು: "ಸೋಮಾರ ಎತ್ತಿಗೆ ಸಿಟ್ಟಲೆ ಒಂದ್ ಮಾತೂ ಆಡಬ್ಯಾಡವ್ವಾ."

ಆಗ ನಮ್ಮದು ನಿಜಾಮರ ರಾಜ್ಯ. ಕಂದಾಯದ ಲೆಕ್ಕ ನೋಡುವ ಗಿರ್ದಾವರ ಸಾಹೇಬರು ಊರೂರು ದೌರಾ ಹೊರಟರೆಂದರೆ ಅವರ ಡೇರೆ, ಮಂಚ, ಪೆಟ್ಟಿಗೆ ಎಲ್ಲವನ್ನೂ ಮುಂದಿನ ಊರಿಗೆ ಮುಟ್ಟಿಸುವುದು ನಮ್ಮ ಪಾಲಿಗೆ. ಕೂಲಿ ಕೇಳುವಂತಿಲ್ಲ. ಬಿಟ್ಟಿ ಅಂತ ಅದರ ಹೆಸರು. ಗಾಡಿ ಇದ್ದವರು ಗಾಡಿ ಕೊಡಬೇಕು, ಇಲ್ಲದವರು ತಲೆ ಕೊಡಬೇಕು.

ಒಂದು ಸೋಮವಾರ ಬೆಳಿಗ್ಗೆ ಸಾಹೇಬರ ಜವಾನ ನಮ್ಮ ಕಟ್ಟೆಗೆ ಬಂದ. "ಗಾಡಿ ಹೂಡ್ರಿ ಗೌಡ್ರ. ಸಾಹೇಬ್ರು ಯಲಬುರ್ಗಾ ಕಡಿ ಹೊಂಟಾರ."

ನಮ್ಮ ಮಾವ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. "ಇವತ್ತ ಯಾವ ವಾರಪಾ?"

"ಹುಕುಮಿಗೆ ಯಾವ ವಾರರಿ?"

"ಹುಕುಮಿಗಿಲ್ಲ, ಎತ್ತಿಗೈತಿ. ಬೇಕಾದ್ರ ನನ್ನ ಹೆಗಲಿಗೆ ನೊಗಾ ಕಟ್ಟು ಅಂತ ಹೇಳು ನಿಮ್ಮ ಸಾಹೇಬಗ."

ಊರು ನಡುಗಿತು. ಸಾಹೇಬರು ಮಾತ್ರ ನಕ್ಕುಬಿಟ್ಟರಂತೆ. "ಧರ್ಮದ ಮಾತು, ಬಿಡ್ರಿ" ಅಂದರಂತೆ. ಜನ ಬಂದು ಬಂದು ಮಾವನಿಗೆ ಶರಣು ಮಾಡಿ ಹೋದರು. ಅನ್ಯಾಯದ ಹುಕುಮು ಮೀರಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಅಂತ ನಾನೂ ರೊಟ್ಟಿ ಬಡಿಯುತ್ತ ಹಿಗ್ಗಿದೆ.

ಸಾಮಾನು ಹೋಗಲೇಬೇಕಲ್ಲ? ಊರಾಚೆಯ ಕೇರಿಯವರ ತಲೆಯ ಮೇಲೆ ಹೋಯಿತು. ಸಾಹೇಬರ ಮಂಚ ಹೊತ್ತವನು ನಮ್ಮ ಹೊಲದಲ್ಲೇ ದುಡಿಯುವ ಆಳು. ಅವತ್ತು ಅವನ ಮಗಳನ್ನು ನೋಡಲು ಗಂಗಾವತಿ ಕಡೆಯಿಂದ ಬೀಗರು ಬರುವವರಿದ್ದರು. ಬಂದರು. ಅಪ್ಪನಿಲ್ಲದೆ ಮಾತು ಮುಂದುವರಿಯುವುದು ಹೇಗೆ? ಹೊತ್ತು ಮುಳುಗುವ ತನಕ ಕೂತು, "ಹೆಣ್ಣಿನ ಅಪ್ಪಗ ನಮ್ಮ ಮಾರಿ ನೋಡಾಕ ಪುರುಸೊತ್ತಿಲ್ಲ" ಅಂತ ಎದ್ದು ಹೋದರು.

ಮರುದಿನ ಅವನು ನಮ್ಮ ಅಂಗಳದಾಚೆ ನಿಂತ. ಮಾವನಿಗೂ ಸುದ್ದಿ ಮುಟ್ಟಿತ್ತು. "ಇದ್ರಾಗ ನಂದೇನು ತಪ್ಪೈತೇನೋ ತಮ್ಮಾ?"

"ತಪ್ಪು ಎಲ್ಲೀದ್ರಿ ಗೌಡ್ರ. ಎತ್ತಿಗೆ ಸೋಮಾರ ಐತಿ. ನಮಗ ಯಾವ ವಾರ ಅಂತ ಒಂದೀಟು ಹೇಳಿಬಿಡ್ರಿ. ಆವತ್ತ ಬೀಗರನ್ನ ಕರಸ್ತೀನಿ."

ಮಾವ ನಕ್ಕರು. ಅವನು ನಗಲಿಲ್ಲ.

ಸುಗ್ಗಿ ಮುಗಿದ ಮೇಲೆ ಅವರಿವರ ಕೈಕಾಲು ಹಿಡಿದು ಅದೇ ಬೀಗರನ್ನು ಮತ್ತೆ ಕರೆಸಿದ. ದೌರಾ ಇಲ್ಲದ ದಿನ ನೋಡಿ ಕರೆಸುವುದು ಯಾರ ಕೈಯಲ್ಲಿತ್ತು? ಅವತ್ತೇ ಸಾಹೇಬರೂ ಬಂದರು. ಮಾವ ತಕರಾರು ಮಾಡದೆ ಗಾಡಿ ಕೊಟ್ಟರು. ಗಾಡಿಯೊಂದೇ ಸಾಲದೆ ಜವಾನ ಕೇರಿಗೆ ಹೋದ. ಗುಡಿಸಲೊಳಗೆ ಬೀಗರು, ಬಾಗಿಲಲ್ಲಿ ಅವನು.

"ನಡಿಯಲೇ."

ಅವನು ಅಲ್ಲೇ ಕೂತುಬಿಟ್ಟ. "ಇವತ್ತ ನಮ್ಮ ಸೋಮಾರ ಐತ್ರಿ."

ಎಳೆದುಕೊಂಡು ಚಾವಡಿಗೆ ತಂದರು. ಚಾವಡಿ ನಮ್ಮ ಮನೆಯ ಎದುರಿಗೇ; ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಅದೇ ಸಾಹೇಬರು ಮಾವನನ್ನು ಕರೆಸಿ ಕೇಳಿದರು: "ಗೌಡ್ರ, ನೀವು ಸುಳ್ಳು ಹೇಳೋರಲ್ಲ. ಇವತ್ತ ಯಾವ ವಾರ?"

ಅವನು ತಲೆ ಎತ್ತಿ ಮಾವನ ಮುಖ ನೋಡಿದ. "ನನಗೂ ಸೋಮಾರರಿ" ಅಂದಿದ್ದರೆ ಸಾಕಿತ್ತು. ಹೂಡಿದ ಗಾಡಿಯ ಕೊಳ್ಳು ಹರಿದು ಎತ್ತು ಬಿಟ್ಟಿದ್ದರೂ ಸಾಕಿತ್ತು.

"ಬುಧವಾರ" ಅಂದರು ಮಾವ.

ಅವನನ್ನು ಬಗ್ಗಿಸಿ ನಿಲ್ಲಿಸಿ ಬೆನ್ನ ಮೇಲೆ ಕಲ್ಲು ಹೇರಿದರು. ಬೀಗರು ಕೇರಿಯ ಹಿಂದಿನ ದಾರಿ ಹಿಡಿದು ಹೊರಟುಹೋದರು. ಮಾವ ಮೀರಿದ್ದಕ್ಕೆ ಧರ್ಮ ಅಂದ ಬಾಯಿಯೇ ಇವನು ಮೀರಿದ್ದಕ್ಕೆ ಸೊಕ್ಕು ಅಂದಿತು. ಆಮೇಲೆ ಹುಕುಮು ಮೀರಿದವರ ಕಥೆ ಎಷ್ಟೋ ಕೇಳಿದ್ದೇನೆ, ಅವರಿಗೆ ಬಿದ್ದ ಚಪ್ಪಾಳೆಯನ್ನೂ ಕೇಳಿದ್ದೇನೆ. ತನ್ನ ಎತ್ತಿನ ಮಟ್ಟಿಗೆ ಮೀರಿ ಮನೆಗೆ ಬಂದು ಉಣ್ಣುವುದನ್ನು ಮೀರುವುದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅದರಿಂದ ಹೊರೆ ಇನ್ನೊಬ್ಬನ ತಲೆಗೆ ಜಾರುತ್ತದೆ, ಅಷ್ಟೇ.

ಮುಂದಿನ ಸೋಮವಾರ ಎತ್ತುಗಳು ಮೈ ತೊಳೆಸಿಕೊಂಡು ಬೇವಿನ ನೆರಳಲ್ಲಿ ಮಲಗಿದ್ದವು. ಅವನು ಯಾರದೋ ಗಂಟು ಹೊತ್ತು, ಸೊಂಟ ವಾರೆ ಮಾಡಿಕೊಂಡು ನಮ್ಮ ಮನೆಯ ಮುಂದೆ ಬಂದ. ಕಟ್ಟೆಯ ಮೇಲೆ ಮಾವ ಕೂತಿದ್ದರು. ಅವರಿಗೆ ಶರಣು ಅನ್ನದೆ ದಾಟಿದವನೇ ಅಲ್ಲ. ಅವತ್ತು ಗಂಟನ್ನು ಒಂದು ಕೈಯಲ್ಲಿ ಹಿಡಿದು, ಎತ್ತುಗಳ ಕಡೆ ತಿರುಗಿ, ಇನ್ನೊಂದು ಕೈಯನ್ನು ಹಣೆಗೆ ಮುಟ್ಟಿಸಿ ನಡೆದುಹೋದ.